ನಾರೀಜ್

ನನ್ನ ಹೆಸರು ಜಲಜ.
ಯಾವ ತುದಿ ಹಿಡಿದು ಎಳೆದರೂ ನಾನೇ ಬರುತ್ತೇನೆ.
ಗುಗ್ಗರಹಟ್ಟಿ ಶಾಲೆಯಲ್ಲಿ ಹುಡುಗಿಯರೆಲ್ಲ
ಹೆಸರು ತಿರುವಿ ಆಡುವಾಗ
ರಮಾ ಮಾರನಾಗಿ ಇಲ್ಲದ ಮೀಸೆ ತಿರುವಿದಳು,
ಹುಲಿಗೆಮ್ಮ ಬಾಯಲ್ಲೇ ತೊಡರಿ ಬಿದ್ದಳು,
ನಾನು ಮಾತ್ರ ಹೋದ ಬಾಗಿಲಲ್ಲೇ ವಾಪಸು.
ಆ ಚಟ ಬಿಡಲಿಲ್ಲ. ಗೋಡೆ, ಲಾರಿ, ಔಷಧಿ ಡಬ್ಬಿ,
ಕಂಡದ್ದನ್ನೆಲ್ಲ ಬಾಲದಿಂದ ಓದುತ್ತೇನೆ.

ಕೌಲ್ ಬಜಾರಿನ ಮಾಳಿಗೆ ಮೇಲೆ
ಹೊನ್ನೂರ್‌ವಲಿ ಮೇಸ್ತ್ರಿಯ ಹನ್ನೊಂದು ಮಿಷನ್ನು.
ಮೊದಲು ಹದಿನೇಳಿದ್ದವು.
ಆರನ್ನು ಮಗಳು ಜರೀನಾ ಟೆಂಪೋಗೆ ಹಾಕಿಸಿ
ಗುಂತಕಲ್ಲಿಗೆ ಒಯ್ದಳು. ದುಡಿದ ಪಾಲು, ಅಂದಳು.
ಕಟಿಂಗು ಕಲಿಸಿದ್ದು ಈತನೇ;
ಈತನಿಗಿಂತ ಗೇಣು ಬಟ್ಟೆ ಹೆಚ್ಚು ಉಳಿಸುತ್ತಿದ್ದಳು.
"ಆಕೀ ಹೆಸರು ಈ ಮಾಳಿಗಿ ಮ್ಯಾಲ ಯಾರೂ ಎತ್ತಬ್ಯಾಡ್ರಿ"
ಎಂದ ಮೇಸ್ತ್ರಿ, ಕತ್ತರಿ ಕೆಳಗಿಡದೆ.

ಮುಂದಿನ ತಿಂಗಳು ಹೊಸ ಲೇಬಲ್ಲು ಬಂತು.
ಕಂದು ತೊಗಲಿನ ಮೇಲೆ ಇಂಗ್ಲಿಷಿನಲ್ಲಿ ಸುಟ್ಟ ಹೆಸರು: ನಾರೀಜ್.
"ಯಾವ ದೇಶದ್ದು ಕಾಕಾ?"
"ಇಟಲಿ ಕಡೀದು."
ದಾರ ಕತ್ತರಿಸುವ ಹುಡುಗರು ನಾರಾಜ್ ಅಂತಲೇ ಕರೆದರು.
ಅದೂ ತಪ್ಪಲ್ಲ.

ಲೇಬಲ್ಲು ಹೊಲಿಯುವವಳು ನಾನು.
ಮೂರನೇ ದಿನ, ಚಹಾ ಆರುವಷ್ಟರಲ್ಲಿ,
ನಾಲಿಗೆ ತಾನಾಗಿ ಜ-ದಿಂದ ಹೊರಟು ಹಿಂದಕ್ಕೆ ಸರಿಯಿತು.
ಸೂಜಿ ಎತ್ತಿಟ್ಟೆ. ಮೇಸ್ತ್ರಿಯ ಕಡೆ ನೋಡಲಿಲ್ಲ.

ಜೀನ್ಸು ಹೊಲಿಯುವುದೇ ಒಳಮೈ ಹೊರಗೆ ಮಾಡಿ.
ತಿರುವಿದ ಮೇಲಷ್ಟೇ ಅದು ಪ್ಯಾಂಟು.

ದಿನಕ್ಕೆ ಇನ್ನೂರು ಸಲ, ಬಾಯಿ ತೆರೆಯದೆ,
ಮಗಳನ್ನು ಕರೆಯುತ್ತಾನೆ.
ಯಾವುದೋ ಊರಿನ ಹುಡುಗರ ಸೊಂಟದ ಹಿಂದೆ,
ಅವರಿಗೇ ಕಾಣದ ಜಾಗದಲ್ಲಿ
ನಡೆದು ಹೋಗುತ್ತಿರುತ್ತದೆ ಆ ಕೂಗು.
ಗುಂತಕಲ್ಲು ಪ್ಯಾಸೆಂಜರಿನಲ್ಲಿ
ಕೂತವಳ ಕಣ್ಣಿನ ಮಟ್ಟಕ್ಕೆ ಬೆನ್ನು ಮಾಡಿ
ಯಾವನೋ ಒಬ್ಬ ನಿಂತಿದ್ದಾನು.
ಓದಿಯಾಳೆ?
ಆಕೆಗೆ ನನ್ನ ಚಟವಿಲ್ಲ.

ಕೊಂಡವರ ಮನೆಯ ಬಂಡೆ, ಬ್ರಶ್ಶು, ಸೋಪಿನ ಬಿಲ್ಲೆ
ನೀಲಿಯನ್ನು ಬೇಕಾದಷ್ಟು ತಿಂದುಕೊಳ್ಳಲಿ.
ನಾನು ನಾಲ್ಕು ಮೂಲೆಗೂ
ಮುಂದಕ್ಕೊಂದು ಓಟ, ಹಿಂದಕ್ಕೊಂದು ಓಟ,
ಮತ್ತೆ ಮುಂದಕ್ಕೆ.

ಗುಂಡಿಗೆ ಗುಂಡಿ ಎಣಿಸಿಕೊಡುವ ಮೇಸ್ತ್ರಿ
ಈ ದಾರದ ಲೆಕ್ಕ ಮಾತ್ರ
ಇವತ್ತಿನವರೆಗೂ ಕೇಳಿಲ್ಲ.