ಎಪ್ಪತ್ತೊಂದು, ಇನ್ನೂರ ಹದಿನಾಲ್ಕು

ಕೊಟ್ಟದ್ದು ಹನ್ನೊಂದು ಕ್ಯಾಮೆರಾ, ಹನ್ನೆರಡನೆಯದಕ್ಕೆ ದುಡ್ಡಿಲ್ಲ.
ಪೋರ್ಚುಗಲ್ಲಿನ ಈ ಗುಡ್ಡಗಳ ನೆತ್ತಿ ನೆತ್ತಿ ಹತ್ತಿಳಿದು
ನಾನೂರ ಆರು ಜಾಗ ಗುರುತು ಮಾಡಿಕೊಂಡಿದ್ದೆ:
ನೀರಿನ ಟ್ಯಾಂಕು, ಗಾಳಿಯಂತ್ರದ ಕಂಬ,
ಮಕ್ಕಳಿಲ್ಲದೆ ಮುಚ್ಚಿದ ಶಾಲೆಯ ಮಾಡು.
ಎಲ್ಲಿ ನಿಂತರೆ ಎಷ್ಟು ಕಾಡು ಕಾಣುತ್ತದೆಂದು
ರಾತ್ರಿಯಿಡೀ ಕಂಪ್ಯೂಟರು ಗುಣಿಸಿತು.
ಬೆಳಗ್ಗೆ ಪರದೆಯ ತುಂಬ ಹಸಿರು,
ನೂರಕ್ಕೆ ತೊಂಬತ್ತಮೂರು.

ಡೊರೊಟೆಯಾಳಿಗೆ ತೋರಿಸಿದೆ.
ಬೆಂಕಿಕಾವಲಿನ ಗೋಪುರದಲ್ಲಿ ಇಪ್ಪತ್ತಾರು ಬೇಸಿಗೆ ಕೂತವಳು.
ಕನ್ನಡಕ ಹಣೆಗೇರಿಸಿದಳು, ಆಲಿವ್ ಬೀಜ ಉಗಿದಳು.
"ಇಲ್ಲಿ ಮಂಜು ಥೇಟು ಹೊಗೆಯ ಹಾಗೇ ಏಳುತ್ತೆ,
ಹತ್ತು ಗಂಟೆಯ ತನಕ ನಿನ್ನದು ಸುಳ್ಳು ಹೇಳುತ್ತೆ.
ಇಲ್ಲಿ ಸಂಜೆ ಸೂರ್ಯ ನೇರ ಕಣ್ಣಿಗೇ.
ಇದೋ, ಈ ನೀಲಗಿರಿ ಮರಗಳು
ಹೋದ ವರ್ಷ ನನ್ನ ಮೊಣಕಾಲಿಗಿದ್ದವು."
ಬರೆದುಕೊಂಡೆ.
ನನ್ನ ನಕ್ಷೆಯಲ್ಲಿ ಯಾವ ಮರವೂ ಬೆಳೆಯುತ್ತಿರಲಿಲ್ಲ.

ಆಮೇಲೆ ಕೇಳಿದಳು:
"ಒಂದು ಜಾಗ ಒಬ್ಬರಿಗೇ ಯಾಕೆ ಕಾಣಬೇಕು?"

ಕಂಡದ್ದನ್ನೇ ಇನ್ನೊಂದು ಕಣ್ಣು ಕಂಡರೆ ದಂಡ.
ಸೂತ್ರದಲ್ಲಿ ನಾನೇ ಹಾಗೆ ಬರೆದಿದ್ದೆ,
ದಂಡದ ಮುಂದೆ ಒಂದು ಕಳೆಯುವ ಗುರುತು.

ಗೋಪುರದ ನಡುವಿನ ಹಿತ್ತಾಳೆಯ ಬಳೆ ತಿರುಗಿಸಿದಳು,
ಮುನ್ನೂರ ಅರವತ್ತು ಗೆರೆ, ಬೆರಳು ತಾಗಿ ಕೆಲವು ಸವೆದಿವೆ.
"ಹೊಗೆ ಯಾವ ದಿಕ್ಕಿಗೆ, ಅಷ್ಟೇ ನನಗೆ ಗೊತ್ತು.
ಎಷ್ಟು ದೂರ, ಗೊತ್ತಿಲ್ಲ.
ಆಚೆ ಗುಡ್ಡದಲ್ಲಿ ಫೌಸ್ಟಿನೊ ಇದ್ದ.
ರೇಡಿಯೊದಲ್ಲಿ ನಾನು ಎಪ್ಪತ್ತೊಂದು ಅಂದರೆ
ಅವನು ಇನ್ನೂರ ಹದಿನಾಲ್ಕು ಅನ್ನುತ್ತಿದ್ದ.
ಎರಡು ಗೆರೆ ಕೂಡಿದಲ್ಲಿ ಬೆಂಕಿ."

ಭೇಟಿಯಾಗಿದ್ದಿರಾ?
"ನಡುವೆ ಇಪ್ಪತ್ತೈದು ಕಿಲೋಮೀಟರು, ಯಾರು ನಡೀತಾರೆ!
ಅವನ ಕೆಮ್ಮು ಗೊತ್ತು."

ಆ ರಾತ್ರಿ ಕಳೆಯುವ ಗುರುತಿಗೆ
ಒಂದು ಅಡ್ಡಗೆರೆಯ ಮೇಲೊಂದು ನೆಟ್ಟಗೆರೆ ಎಳೆದೆ. ಕೂಡುವ ಗುರುತಾಯಿತು.
ಹಸಿರು ಕರಗಿ ಅರವತ್ತೆಂಟಕ್ಕೆ ನಿಂತಿತು.
ಮೇಲಿನವರು ಫೋನು ಮಾಡುತ್ತಾರೆ, ಮಾಡಲಿ.
ಹತ್ತು ಕಂಬ ಐದು ಜೋಡಿಯಾಗಿ ಕೂತವು,
ಒಂದನ್ನೊಂದು ನೋಡುತ್ತಲ್ಲ, ಒಂದೇ ಕಾಡನ್ನು ನೋಡುತ್ತ.

ಉಳಿದದ್ದು ಒಂದು.
ವಾಲ್ ಎಶ್ಕೂರು ಕಣಿವೆ, ನಾಲ್ಕು ಮನೆ, ಒಂದು ಒಲೆಯ ಹೊಗೆ.
ಅಲ್ಲಿಗೆ ಹಾಕಿದೆ, ಒಂಟಿಯಾಗಿ.
"ಇದಕ್ಕೆ ಜೋಡಿ ಸಿಗಲಿಲ್ಲ" ಎಂದೆ.

ಸೆಪ್ಟೆಂಬರಿಗೆ ಅವಳ ಕೆಲಸ ಮುಗಿಯುತ್ತದೆ.
ಮಾತಾಡಲಿಲ್ಲ ಡೊರೊಟೆಯಾ.
ಕುರ್ಚಿಯನ್ನು ಎತ್ತಿ
ತುಸು ಆ ಕಡೆಗೆ ತಿರುಗಿಸಿಕೊಂಡಳು.