ಕುದುರೆ ಬರುವವರೆಗೆ

ಸೆಪ್ಟೆಂಬರಿನ ಮೊದಲ ಶನಿವಾರ, ಬ್ಯಾಲರಾಟ್.
ಹುಲ್ಲಿನ ಮೇಲಿರುವುದು ಇಬ್ಬನಿಯಲ್ಲ, ಪುಡಿಗಾಜು.
ನಲ್ಲಿಯ ಪೈಪು ರಾತ್ರಿಯೆಲ್ಲ ಹೆಪ್ಪುಗಟ್ಟಿ
ಹೊಡೆದ ಹಾವಿನಂತೆ ಸೆಟೆದು ಬಿದ್ದಿದೆ.
ಆದರೂ ಬೇಲಿಯಾಚೆ ವಾಟಲ್ ಮರಕ್ಕೆ ಅರಿಸಿನ ಹಚ್ಚಿದ ಮೈ,
ಮ್ಯಾಗ್‌ಪೈ ಹಕ್ಕಿ ಅಂಚೆಯವನ ತಲೆ ಕುಕ್ಕುತ್ತಿದೆ,
ಅಂದರೆ ವಸಂತ.
ಗೋಡೆಯ ಪಂಚಾಂಗದಲ್ಲಿ ಭಾದ್ರಪದ.
ಯಾರನ್ನು ನಂಬುವುದು?

ಗುದ್ದಲಿ ಕೊಳ್ಳುವ ಮೊದಲು ಮಣ್ಣನ್ನು ಪರೀಕ್ಷೆಗೆ ಕಳಿಸು
ಅಂದಿದ್ದಳು ಬೆರಿಲ್ ಟ್ರೆಂಬಾತ್, ಪಕ್ಕದ ಮನೆಯ
ಎಂಬತ್ತೊಂದರ ಮುದುಕಿ.
ಜುಲೈನಲ್ಲೇ ಕಳಿಸಿದೆ, ಒಂದು ಹಿಡಿ, ಉಪ್ಪಿನಕಾಯಿ ಬಾಟಲಿಯಲ್ಲಿ.
ಬಂತು ಕಾಗದ: ಆರ್ಸೆನಿಕ್.
ಅವಳ ತಾತನ ತಾತ ಕಾರ್ನ್‌ವಾಲಿನಿಂದ ಹಡಗು ಹತ್ತಿ ಬಂದು
ಚಿನ್ನಕ್ಕೆ ಅಗೆದನಂತೆ ಇಲ್ಲೇ ಎಲ್ಲೋ.
ಕಲ್ಲು ಕುಟ್ಟಿದರು, ತೊಳೆದರು, ಹೊನ್ನು ಹೊತ್ತು ಹೋದರು.
ತೊಳೆದ ಗಸಿ ಉಳಿಯಿತು, ನಮ್ಮ ಹಿತ್ತಲಾಗಿ.

ಹೆಣ್ಣು ಹೊನ್ನು ಮಣ್ಣು
ಒಂದೇ ಉಸಿರಿನಲ್ಲಿ ಬಾಯಿಪಾಠ ಮಾಡಿಸಿದ್ದರು ಮೇಷ್ಟ್ರು,
ಮೂರೂ ಗಂಡಸಿನ ಕಾಲಿಗೆ ತೊಡರುವ ಬಳ್ಳಿಯೆಂಬಂತೆ.
ಇಲ್ಲಿ ನೋಡಿ ಮೇಷ್ಟ್ರೇ:
ಹೊನ್ನು ಮಣ್ಣನ್ನು ಕೆಡಿಸಿತು,
ಹೆಣ್ಣು ಬೇರೆ ಮಣ್ಣು ತರಲು
ಟ್ರೇಲರು ಬಾಡಿಗೆಗೆ ಹಿಡಿದಳು.

"ಮಣ್ಣಿಗೂ ದುಡ್ಡಾ?" ನಿಂಗರಾಜ ಮೂರು ಸಲ ಕೇಳಿದ.
"ನೀರು ಕೊಂಡದ್ದುಂಟು, ಎಮ್ಮೆ ಕೊಂಡದ್ದುಂಟು,
ಮಣ್ಣು! ಅದೂ ಅಳೆದು!"
ಆದರೂ ಹಲಗೆ ಕೊಯ್ದ, ಮೊಳೆ ಹೊಡೆದ,
ತಳಕ್ಕೆ ದಪ್ಪನೆಯ ಬಟ್ಟೆ ಹಾಸಿದ, ಬೇರು ಕೆಳಗಿಳಿಯದಂತೆ.
ತೊಟ್ಟಿಲಿನ ಹಾಗಿದೆ ಅಂದೆ.
ಹೆಣದ ಪೆಟ್ಟಿಗೆ ಹಾಗಿದೆ ಅಂದ.
ಅಳತೆ ಮಾತ್ರ ಒಂದೇ.

ನಾನು ಹಲ್ಲು ಮಾಡುವವಳು. ಲ್ಯಾಬಿನಲ್ಲಿ ದಿನವಿಡೀ
ಕಾಣದ ಬಾಯಿಗಳಿಗೆ ದವಡೆ ಕೂರಿಸುತ್ತೇನೆ.
ಬೇಡವಾದ ಅಚ್ಚಿನ ತಟ್ಟೆಗಳನ್ನು ಮನೆಗೆ ತಂದು
ಅಡುಗೆಮನೆ ಕಿಟಕಿಯಲ್ಲಿ ಸಾಲಾಗಿಟ್ಟು, ಮಣ್ಣು ತುಂಬಿ
ಟೊಮೇಟೊ ಬೀಜ ಊರಿದೆ.
ಎಂಟನೇ ದಿನ ಹಸಿರು ಹಲ್ಲು!
ಇಪ್ಪತ್ತು ವರ್ಷದಲ್ಲಿ ಮೊದಲ ಸಲ
ನನ್ನ ಕೈಯ ದವಡೆಗೆ
ತಾನಾಗಿ ಹಲ್ಲು ಬಂತು.

ಅವಸರ ನನಗೆ. ಮೂರು ಸಸಿ ಹೊರಗೆ ನೆಟ್ಟೆ.
ಬೆಳಗಾದರೆ ಬೇಯಿಸಿದ ಸೊಪ್ಪು.
ಬೆರಿಲ್ ಬೇಲಿಗೆ ಮೊಣಕೈ ಊರಿ, ಒಂದಿಷ್ಟೂ ಮರುಗದೆ,
"ಕಪ್ ದಿನಕ್ಕೆ ಮೊದಲು ಟೊಮೇಟೊ ನೆಡುತ್ತಾರೇನೇ?
ನವೆಂಬರಿನ ಮೊದಲ ಮಂಗಳವಾರ
ಮೆಲ್ಬರ್ನಿನಲ್ಲಿ ಕುದುರೆ ಓಡಬೇಕು,
ಆಮೇಲೆ ಮಣ್ಣು ಬೆಚ್ಚಗಾಗುತ್ತೆ."

ಕುದುರೆ ಓಡಿದರೆ ಮಣ್ಣು ಬೆಚ್ಚಗಾಗುವುದೆ?
ನಗಹೊರಟವಳು ತಡೆದೆ.
ನಮ್ಮಜ್ಜಿ ಗಿರಿಯವ್ವ ವರ್ಷವೆಲ್ಲ ಎಣಿಸಿದ್ದು ಮಳೆ ನಕ್ಷತ್ರ,
ಮೊದಲನೆಯದು ಅಶ್ವಿನಿ,
ಅದಕ್ಕೂ ಕುದುರೆಯದೇ ಮುಖ.
ಅಜ್ಜಿ ಅದನ್ನು ಆಕಾಶದಲ್ಲಿ ಗುರುತಿಸಿದವಳಲ್ಲ,
ಬೆರಿಲ್ ಒಮ್ಮೆಯೂ ರೇಸಿಗೆ ಹೋದವಳಲ್ಲ.
ಇಬ್ಬರೂ ಗೊರಸಿನ ಸದ್ದು
ಅಂಗೈಯಲ್ಲಿ ಮಣ್ಣು ಹಿಡಿದು ಕೇಳಿದವರು.

ಈಗ ಪೆಟ್ಟಿಗೆಯಲ್ಲಿ ಚಳಿಗೆ ಅಂಜದವು ಮಾತ್ರ:
ಬಟಾಣಿ, ಮೂಲಂಗಿ, ಒಂದು ಸಾಲು ಪಾಲಕ್.
ಮಸಾಲೆ ಡಬ್ಬಿಯಿಂದ ಎರಚಿದ ಮೆಂತ್ಯವಂತೂ
ಯಾವ ನಕ್ಷತ್ರವನ್ನೂ, ಯಾವ ಕುದುರೆಯನ್ನೂ ಕೇಳಲಿಲ್ಲ.
ವಾರ ತುಂಬುವ ಮೊದಲೇ
ಬೀಜದ ಸಿಪ್ಪೆಯನ್ನು ಟೋಪಿಯಂತೆ ತಲೆಗಿಟ್ಟುಕೊಂಡೇ
ಎದ್ದು ನಿಂತಿತು, ತಡವಾಗಿ ಶಾಲೆಗೆ ಬಂದ ಹುಡುಗನ ಹಾಗೆ.

ರಾತ್ರಿ ಟಾರ್ಚು ಹಿಡಿದು ಹೋಗಿ ಹಳೇ ದುಪ್ಪಟಿ ಹೊದಿಸುತ್ತೇನೆ.
ನಿಂಗರಾಜ ಕಿಟಕಿಯಿಂದ ಕೂಗುತ್ತಾನೆ:
"ಬಂತಾ?"
"ಏನು?"
"ಕುದುರೆ."
"ಇನ್ನೂ ಐದು ವಾರ ದೂರದಲ್ಲಿದೆ."
ಅವನ ಪಕ್ಕದಲ್ಲಿ, ದೀಪದ ಬೆಳಕಿಗೆ,
ದವಡೆಗಳು ಸಾಲಾಗಿ ಬಾಯಿ ತೆರೆದು ಕೂತಿವೆ.