ಎಡಗಡೆಯ ಖಾನೆ

ಮುಂದಿನ ಏಪ್ರಿಲ್‌ನಲ್ಲಿ ಈ ಕುರ್ಚಿಗೆ ಬರುವವರೇ,
ಹುಡುಗನೋ ಹುಡುಗಿಯೋ ನನಗೆ ತಿಳಿಯದು.
ಈ ಖಾನೆ ಎಳೆದರೆ ಬರುವುದಿಲ್ಲ,
ಮೊದಲು ಒಳಕ್ಕೆ ಒತ್ತಬೇಕು, ಆಮೇಲೆ ಎಳೆಯಬೇಕು.
ಇದನ್ನು ಓದುತ್ತಿದ್ದೀರಿ ಎಂದಮೇಲೆ
ಆಗಲೇ ಕಂಡುಕೊಂಡಿದ್ದೀರಿ. ಸರಿ,
ಮೊದಲ ವಾರದ ಪಾಠ ಮುಗಿಯಿತು.

ಮೈಸೂರಿನಿಂದ ಬೆಳಗಿನ ರೈಲಿಗೇ ಬನ್ನಿ.
ಬಿಳಿ ಅಂಗಿ ಬೇಡ, ಮಂಡಿಯೊಳಗೆ ಗಾಳಿಯೂ ಅಂಟು.
ಫ್ಯಾನು ಮೂರಕ್ಕಿರಲಿ;
ನಾಲ್ಕಕ್ಕೆ ತಿರುಗಿಸಿದರೆ ಚೀಟಿಗಳು ಹಾರಿ
ಮಂಡ್ಯದ ಅರ್ಧ ಬೆಲ್ಲ ಯಾರದೆಂದು ಯಾರಿಗೂ ತಿಳಿಯದು.

ಹೊಂಬಾಳೇಗೌಡರು ಹತ್ತು ದಿನ ಯಾವ ಕೆಲಸವನ್ನೂ ಕೊಡುವುದಿಲ್ಲ.
'ನೋಡ್ತಾ ಇರವ್ವ' ಅನ್ನುತ್ತಾರೆ, ಅಷ್ಟೇ.
ನಾನು ಅವಮಾನವೆಂದುಕೊಂಡೆ.
ಚೀಲದಲ್ಲಿ ಚೌಕಾಕಾರದ ನಕ್ಷೆಗಳಿದ್ದವು,
ಶಕ್ತಿ ಒಂದು ಮೂಲೆಗೆ, ದೌರ್ಬಲ್ಯ ಇನ್ನೊಂದಕ್ಕೆ.
ಗುಮಾಸ್ತ ಚೆಲುವರಾಜು ಅವನ್ನು ತಿರುಗಿಸಿ
ಹಿಂಬದಿಯಲ್ಲಿ ಲಾರಿ ಬಾಡಿಗೆ ಕೂಡಿದರು.

ನನ್ನ ಎಕ್ಸೆಲ್‌ನಲ್ಲಿ ಬೆಲ್ಲಕ್ಕೆ ಮೂರು ದರ್ಜೆ.
ಅವರ ಬಾಯಲ್ಲಿ ಜೇನಿನ ಬಣ್ಣ, ಹಳೇ ಹುಣಸೆ ಬಣ್ಣ,
ನೆಂದ ಮಣ್ಣಿನ ಬಣ್ಣ, 'ಇದು ಯಾವ ಬಣ್ಣಾನೂ ಅಲ್ಲ ಬುಡು'.
ಬಕೆಟ್ಟು, ಅಚ್ಚು, ಕುರಿಕಾಲು: ಕೈಗೆತ್ತಿಕೊಂಡು ಕಲಿಯಿರಿ.
ಗೋದಾಮಿನ ತೇವ ಕೇಳಬೇಕಾದ್ದು ಗೌಡರನ್ನಲ್ಲ,
ಹಮಾಲಿ ಮುನಾವರ್ ಅವರನ್ನು.
ಗೋಡೆಗೆ ಅಂಗೈ ಇಟ್ಟು ಹೇಳುತ್ತಾರೆ:
'ಗೋಡೆ ಬೆವರಿದ್ರೆ ಬೆಲ್ಲ ಅಳ್ತದೆ ಮೇಡಂ.'

ಇನ್ನು, ಹೇಳಲೇಬೇಕೆಂದು ಈ ಹಾಳೆ ತೆಗೆದದ್ದು.

ಮೇ ತಿಂಗಳು. ಮೊದಲ ಸಲ ಚೀಟಿ ಬರೆಯಲು ಬಿಟ್ಟರು.
ಹದಿನೇಳನೇ ಲಾಟು, ಎಪ್ಪತ್ತೊಂದನೇ ಲಾಟು:
ಅದರ ದರ ಇದಕ್ಕೆ ಬರೆದೆ, ಇದರದು ಅದಕ್ಕೆ.
ನಿಂಗಶೆಟ್ಟರು ಕಮ್ಮಿ ದುಡ್ಡು ಎಣಿಸಿಕೊಂಡು,
ಚೀಟಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ,
ಟವೆಲ್ಲಿನ ತುದಿಗೆ ಗಂಟು ಹಾಕಿ ಹೋದರು.
ಎರಡು ಲಾಟಿಗೂ ಇಪ್ಪತ್ತೆಂಟೇ ಬಕೆಟ್ಟು, ತೂಕವೂ ಒಂದೇ.
ಸಂಜೆ ಒಟ್ಟು ಲೆಕ್ಕ ಪೈಸೆಗೆ ಪೈಸೆ ಸರಿಹೋಯಿತು.
ಜಗತ್ತಿನಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ.
ಆರೂವರೆಯ ರೈಲು ಹೋಯಿತು.
ಏಳು ಗಂಟೆಗೆ ಹೇಳಿದೆ.

ಚೆಲುವರಾಜು ಖಾತೆ ತೆರೆದರು.
ನಾನು ವೈಟ್ನರ್ ಹುಡುಕುತ್ತಿದ್ದೆ.
'ಅಳಿಸ್ಬ್ಯಾಡಿ. ಗೀಟು ಎಳೀರಿ. ಮೇಲ್ಗಡೆ ಸರಿ ಬರೀರಿ.
ತಪ್ಪು ಅಡೀಲಿ ಕಾಣ್ತಾ ಇರಬೇಕು.
ಅಳಿಸಿದ ಖಾತೆನ ಯಾರ್ ನಂಬ್ತಾರೆ?'
ಕೆಂಪು ಪೆನ್ನು ನನ್ನ ಕೈಗೇ ಕೊಟ್ಟರು.

ಮುನ್ನೂರ ತೊಂಬತ್ತೆರಡು ರೂಪಾಯಿ.
ಮರುದಿನ ಮುನಾವರ್ ಅವರ ಆಟೋದಲ್ಲಿ
ಕೆರಗೋಡಿನಾಚೆಯ ಆಲೆಮನೆಗೆ ಹೋದೆವು.
ನಿಂಗಶೆಟ್ಟರು ಎಣಿಸಿಕೊಂಡರು, ಎರಡು ಸಲ.
'ಇಷ್ಟಕ್ಕೆ ಡೀಸೆಲ್ ಸುಟ್ಕಂಡ್ ಬಂದ್ರಾ?'
ಬೈದದ್ದೋ ಮೆಚ್ಚಿದ್ದೋ ಈಗಲೂ ಗೊತ್ತಿಲ್ಲ.
ಗೌಡರು ಒಂದು ಮಾತೂ ಆಡಲಿಲ್ಲ.
ಎರಡು ದಿನ ನನ್ನ ಮೇಜಿಗೆ ಚಹಾ ಮಾತ್ರ ಬರಲಿಲ್ಲ.
ಮೂರನೇ ದಿನ ಬಂತು, ಜೊತೆಗೆ ಬನ್ನು.

ಕಾಲೇಜಿನ ಗೈಡು ನಲವತ್ತಮೂರನೇ ಪುಟ ತೆಗೆಯಿರಿ ಎಂದರು,
ವರದಿಯಲ್ಲಿ ಕಂಡುಕೊಂಡದ್ದು ಬರಬೇಕು,
ಕಳೆದುಕೊಂಡದ್ದಲ್ಲ.
ತೆಗೆದೆ. ಈ ಕಾಗದದ ಕೆಳಗೆ ಅದೇ ಇದೆ.
ಮೂವತ್ತು ಸ್ಲೈಡುಗಳ ಕೊನೆಯಲ್ಲಿ ಗೌಡರು ಕೇಳಿದ್ದು ಒಂದೇ:
'ಗೋಡೆಗೆ ಏನ್ ಮಾಡಾನವ್ವ?'
ಅದಕ್ಕೆ ನನ್ನ ಬಳಿ ಉತ್ತರವಿತ್ತು,
ಮುನಾವರ್ ಅವರದು, ಅವರ ಹೆಸರು ಹೇಳಿಯೇ ಹೇಳಿದೆ.
ಸುಣ್ಣ ಬಳಿದಿದ್ದಾರೋ ಇಲ್ಲವೋ, ನೀವು ನೋಡಿ.

ಸರ್ಟಿಫಿಕೇಟಿನಲ್ಲಿ ನನ್ನ ಹೆಸರಿನ ಒಂದು ಒತ್ತಕ್ಷರ ತಪ್ಪಿತ್ತು.
ಹೊಸದು ಟೈಪ್ ಮಾಡಿಸುತ್ತೇನೆ ಎಂದರು ಚೆಲುವರಾಜು.
ಬೇಡವೆಂದು ಅದೇ ಪೆನ್ನು ಕೇಳಿದೆ.

ಅಂದಹಾಗೆ ಖಾನೆಯ ಮೂಲೆಯಲ್ಲಿ ಇರುವೆಗಳಿವೆ.
ನನಗಿಂತ ಮೊದಲಿನವು. ಇರಲಿ.